ನಮೂನೆಯ ನಡಿಗೆ

ನನ್ನ ಗಂಡ ಕುಡಿಯುತ್ತಾರೆ ಎಂದು ನಿಲಂಗಾದ ಮೊಂಢಾ ತೀರ್ಮಾನ ಮಾಡಿದ್ದು ಒಂದು ಶ್ರಾವಣ ಸೋಮವಾರದ ಸಂಜೆ, ನನ್ನ ಭಾವನ ಮನೆಯ ದೇವರ ಕೋಣೆಯಲ್ಲಿ. ಮೊಂಢಾ ಅಂದರೆ ನಮ್ಮ ಕಡೆಯ ಕಾಳಿನ ಪೇಟೆ. ಅಲ್ಲಿ ಸೋಯಾಬೀನಿನ ದರ ಇಳಿದರೂ ಮತ್ತೆ ಏರುತ್ತದೆ. ಮನುಷ್ಯನ ದರ ಒಮ್ಮೆ ಇಳಿಯಿತೋ, ಮುಗಿಯಿತು.

ಭಾವ ರೇವಣಸಿದ್ಧಪ್ಪ ಮತ್ತು ನಮ್ಮವರು ಕಾಶೆಪ್ಪ, ಅಣ್ಣತಮ್ಮಂದಿರಿಬ್ಬರದೂ ಒಂದೇ ಆಡತಿ ಅಂಗಡಿ. ರೈತರು ತಂದ ತೊಗರಿ, ಸೋಯಾ ಮಾರಿಸಿಕೊಡುವ ವ್ಯವಹಾರ. ಭಾವ ಗಾದಿಯ ಮೇಲೆ ಕೂತು ಮಾತಾಡುವವರು. ನಮ್ಮವರದು ನಮೂನೆ ತೋರಿಸುವ ಕೆಲಸ. ಚೀಲದಿಂದ ಒಂದು ಮುಟಿಗೆ ಕಾಳು ತೆಗೆದು, ಅಂಗೈ ಮೇಲೆ ಹರಡಿ, ಕೊಳ್ಳುವವನ ಮೂಗಿನ ಕೆಳಗೆ ಹಿಡಿಯುವುದು. ಆ ಅಂಗೈ ನೋಡಿಯೇ ಉದಗೀರದ ದಾಲ್ ಮಿಲ್ಲಿನವರು ಲಾರಿ ಕಳಿಸುತ್ತಿದ್ದರು. ಕಾಸಾರಶಿರಸಿಯ ದಲಾಲಿಗಳು ಕೂಡ, ಕಾಶೆಪ್ಪ ತೋರಿಸಿದ ಕಾಳು ಅಂದರೆ ಮುಗೀತು, ಎನ್ನುತ್ತಿದ್ದರು. ನಾನು ಆಳಂದದ ಕಡೆಯಿಂದ ಈ ಮನೆಗೆ ಸೊಸೆಯಾಗಿ ಬಂದಾಗ ನನ್ನನ್ನೂ ನಮ್ಮವರು ಹೀಗೇ ಅಂಗೈ ಮೇಲೆ ಹರಡಿ ನೋಡಿದಂತೆ ನೋಡಿದ್ದರು. ಆ ಸಿಟ್ಟು ನನಗಿನ್ನೂ ಪೂರ್ತಿ ಇಳಿದಿಲ್ಲ.

ಸತ್ತ ಮಾವನವರು ಮನೆಗೆ ಒಂದು ನಿಯಮ ಹಾಕಿ ಹೋಗಿದ್ದಾರೆ. ಮಂಗಳಾರತಿಯ ಗಂಟೆ ನಿಲ್ಲುವವರೆಗೆ ಎಲ್ಲರೂ ಕಣ್ಣು ಮುಚ್ಚಿ ನಿಂತಿರಬೇಕು, ನಡುವೆ ತೆರೆಯುವಂತಿಲ್ಲ. ಆ ಸೋಮವಾರ ಮಠದ ಅಯ್ಯನವರನ್ನು ಪಾದಪೂಜೆಗೆ ಕರೆಸಿದ್ದರು. ಪೇಟೆಯ ಪ್ರಮುಖರೆಲ್ಲ ಬಂದಿದ್ದರು. ಅಯ್ಯನವರು ಮಣೆಯ ಮೇಲೆ ಕೂತಿದ್ದರು, ಪಾದದ ಕೆಳಗೆ ಹಿತ್ತಾಳೆ ತಾಟು. ನನ್ನ ನೆಗೆಣ್ಣಿ ಮಾಣಿಕಬಾಯಿ ಗಂಟೆ ಬಾರಿಸತೊಡಗಿದಳು, ನಾವೆಲ್ಲ ಕಣ್ಣು ಮುಚ್ಚಿದೆವು. ಹಾಗಾಗಿ ಬಿದ್ದದ್ದನ್ನು ನಾನು ನೋಡಲಿಲ್ಲ, ತಾಟಿನ ಸದ್ದು ಕೇಳಿದೆ. ಕಣ್ಣು ತೆರೆದರೆ ನಮ್ಮವರು ಅಯ್ಯನವರ ತೊಡೆಯ ಮೇಲೆ ಬೋರಲಾಗಿ ಬಿದ್ದಿದ್ದರು. ಪಾದೋದಕ ನೆಲದ ಪಾಲಾಗಿತ್ತು.

ಹಿಂದಿನಿಂದ ಯಾರೋ ಮರಾಠಿಯಲ್ಲಿ, "ಆಜ್ ಪಣ್?" ಎಂದರು. ಇವತ್ತೂ? ಅಂತ. ಅಂದರೆ ನಮ್ಮವರು ಸಂಜೆ ಹೊತ್ತು ತೂರಾಡುತ್ತ ನಡೆಯುವುದನ್ನು ಪೇಟೆ ಬಹಳ ದಿನದಿಂದ ನೋಡುತ್ತಿತ್ತು, ಕಾಯುತ್ತಿತ್ತು.

ಭಾವ ತಮ್ಮನ ರಟ್ಟೆ ಹಿಡಿದು ಎತ್ತಿದರು. ಎತ್ತಿ, ಅಷ್ಟು ಜನರ ಎದುರಿಗೆ, ಅವರ ಬಾಯಿಯ ಹತ್ತಿರ ಮೂಗು ತಂದು ಮೂಸಿದರು. ಮೂಸಿ ಏನೂ ಹೇಳಲಿಲ್ಲ. ವಾಸನೆ ಬಂತು ಅಂದಿದ್ದರೆ ನಾನು ಜಗಳ ಆಡುತ್ತಿದ್ದೆ, ಬರಲಿಲ್ಲ ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅವರು ಬಾಯಿ ಮುಚ್ಚಿಕೊಂಡು ನಿಂತರು. ಮಂದಿ ಆ ಮೌನವನ್ನು ತಮಗೆ ಬೇಕಾದಂತೆ ಓದಿಕೊಂಡು ಪ್ರಸಾದ ತಿಂದು ಮನೆಗೆ ಹೋದರು. ಎತ್ತು ಈಯಿತು ಅಂದರೆ ಕರು ಕಟ್ಟು ಅನ್ನುವ ಜನ. ಮರುದಿನದ ಹೊತ್ತಿಗೆ ಬಾಟಲಿಯ ಹೆಸರು, ಕುಡಿಯುವ ಧಾಬಾದ ಹೆಸರು ಎರಡೂ ಊರಿಗೆ ಗೊತ್ತಾಗಿದ್ದವು.

ಭಾವ ನಮ್ಮ ಮನೆಗೆ ಬಂದು ಹೊಸ್ತಿಲ ಹೊರಗೇ ನಿಂತು ಹೇಳಿದರು. "ಗಾದಿ ಮ್ಯಾಲ ಬರಬ್ಯಾಡ. ಮಠಕ್ಕ ನಡಿ, ಇನ್ನ ಮ್ಯಾಲ ಮುಟ್ಟಂಗಿಲ್ಲಂತ ಆಣಿ ಮಾಡು. ಆಮ್ಯಾಲ ನೋಡೂನು."

"ಅಣ್ಣಾ, ನಾ ಕುಡೀಲಾರದ್ದು ಹ್ಯಾಂಗ ಬಿಡ್ಲಿ?" ಎಂದರು ನಮ್ಮವರು.

"ಬಾಯಿ ಮೂಸಿದ್ರಲ್ರಿ ಭಾವಾರ, ಏನ ಬಂತು?" ಎಂದೆ ನಾನು.

"ಈಗಿನ ದಾರೂಕ ವಾಸನಿ ಇರಂಗಿಲ್ಲ," ಎಂದು ಹೇಳಿ ಅವರು ಚಪ್ಪಲಿ ಮೆಟ್ಟಿದರು. ದಾರೂ ಅವರು ಜನ್ಮದಲ್ಲಿ ಮುಟ್ಟಿಲ್ಲ, ಆದರೆ ಅದರ ಗುಣಾವಗುಣ ಎಲ್ಲ ಬಲ್ಲರು.

ನನಗೆ ಮಾತ್ರ ಬೇರೆ ಸಂಗತಿಗಳು ಕಾಣುತ್ತಿದ್ದವು. ನಮ್ಮವರಿಗೆ ಅಂಗಿಯ ಗುಂಡಿ ಹಾಕಲು ಬರುತ್ತಿರಲಿಲ್ಲ. ಕಾಲಿನ ಚಪ್ಪಲಿ ದಾರಿಯಲ್ಲೇ ಕಳಚಿ ಉಳಿದರೆ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಬಚ್ಚಲ ಗೋಡೆ ಹಿಡಿಯಬೇಕಿತ್ತು. ಮುಟಿಗೆಯ ಕಾಳು ಬೆರಳ ಸಂದಿಯಿಂದ ಸೋರುತ್ತಿತ್ತು. ಕುಡುಕರನ್ನು ನಾನೂ ನೋಡಿದ್ದೇನೆ. ಮುಖ ತೊಳೆಯುವಾಗ ಮಾತ್ರ ಬೀಳುವ ಕುಡುಕನನ್ನು ನೋಡಿಲ್ಲ.

ಉಮರಗಾದಲ್ಲಿ, ಹೈವೇ ಪಕ್ಕದ ಒಂದು ದವಾಖಾನೆಗೆ ಸೋಲಾಪುರದಿಂದ ನರಗಳ ಡಾಕ್ಟರು ವಾರಕ್ಕೊಮ್ಮೆ ಬರುತ್ತಾರೆ. ಬಡಿದಾಡಿ, ಶ್ರಾವಣ ಮುಗಿದ ಮೇಲೆ ಅಂತೂ ಅಲ್ಲಿಗೆ ಕರೆದುಕೊಂಡು ಹೋದೆ. ಕುತ್ತಿಗೆಯ ಫೋಟೋ ತೆಗೆಸಿದ ಮೇಲೆ ಡಾಕ್ಟರು ಪರದೆಯಲ್ಲಿ ತೋರಿಸಿ ಹೇಳಿದರು. ಕುತ್ತಿಗೆಯ ಎಲುಬುಗಳ ನಡುವೆ ಬೆನ್ನುಹುರಿ ಒತ್ತಿಹೋಗಿದೆ. ಕಾಲು ಎಲ್ಲಿದೆ, ಹೇಗಿದೆ ಎಂಬ ಸುದ್ದಿ ತಲೆಗೆ ಸರಿಯಾಗಿ ಮುಟ್ಟದೆ ಇರಬಹುದು. ಆದರೆ ಇಂಥ ಒತ್ತು ಐವತ್ತು ದಾಟಿದ ಎಷ್ಟೋ ಜನರ ಕುತ್ತಿಗೆಯಲ್ಲಿ ಇರುತ್ತದೆ, ಎಲ್ಲರಿಗೂ ಕತ್ತರಿ ಹಾಕಲಾಗದು. ನಡಿಗೆ ನಿಜವಾಗಿ ಕೆಡುತ್ತಿದ್ದರೆ ಮಾತ್ರ ತಡಮಾಡದೆ ಆಪರೇಷನ್ ಆಗಬೇಕು. ಯಾಕೆಂದರೆ ಹೋದದ್ದು ವಾಪಸು ಬರುವುದಿಲ್ಲ, ಇದ್ದದ್ದನ್ನಷ್ಟೇ ಉಳಿಸಿಕೊಳ್ಳಬಹುದು.

"ನಡೆದು ತೋರಿಸಿ" ಎಂದರು. ನಮ್ಮವರು ಕಣ್ಣನ್ನು ಪಾದದ ಮೇಲೆ ನೆಟ್ಟು, ಎದೆ ಸೆಟೆಸಿ, ಮದುಮಗನ ಹಾಗೆ ನಡೆದರು. ಕಣ್ಣು ಮುಚ್ಚಿ ನಿಲ್ಲಲು ಹೇಳಿದರು. ಅದೂ ನಿಂತರು. ಆಗ ಅವರ ಮೀನಖಂಡ ಹಿಂದಿನ ಮಂಚಕ್ಕೆ ಒತ್ತಿಕೊಂಡಿತ್ತು ಎಂದು ನನಗೆ ಹೊಳೆದದ್ದು ಬಹಳ ದಿನಗಳ ಮೇಲೆ.

ಡಾಕ್ಟರಿಗೆ ಅನುಮಾನ ಉಳಿದಿತ್ತು. ಫಿಜಿಯೋಥೆರಪಿಯ ಹುಡುಗಿ ವೈಷ್ಣವಿಯನ್ನು ಕರೆದರು. ಅವಳು ಬೆಂಕಿಪೊಟ್ಟಣದಷ್ಟು ದೊಡ್ಡ ಮೂರು ಡಬ್ಬಿ ತಂದಳು. ಎರಡು ಕಣಕಾಲಿಗೆ, ಒಂದು ಸೊಂಟಕ್ಕೆ, ಪಟ್ಟಿಯಿಂದ ಕಟ್ಟುವುದು. ಕೊಕ್ಕೆ ಹಾಕುವುದು ಕಷ್ಟ, ಎಳೆದು ಬಿಚ್ಚುವುದು ಸುಲಭ. ಒಳಗೆ ಸೆನ್ಸರ್ ಇರುತ್ತದಂತೆ. ಹೆಜ್ಜೆ ಎಷ್ಟು ಉದ್ದ, ಯಾವ ಕಾಲು ಎಳೆಯುತ್ತದೆ, ಮೈ ಎಷ್ಟು ಹೊಯ್ದಾಡುತ್ತದೆ, ಎಲ್ಲ ಅದರಲ್ಲಿ ದಾಖಲಾಗುತ್ತದಂತೆ.

ಅವಳು ಮರಾಠಿ ಬೆರೆಸಿದ ಕನ್ನಡದಲ್ಲಿ ಹೇಳಿದಳು. "ಬಘಾ ಕಾಕಾ, ನೋಡ್ರಿ, ಇಲ್ಲಿ ನಮ್ಮ ಮುಂದ ಎಲ್ಲಾರೂ ಛಲೋ ನಡೀತಾರ. ಮನ್ಯಾಗ ಹ್ಯಾಂಗ ನಡೀತೀರಿ ಅದು ನಮಗ ಬೇಕು. ಮುಂಜಾನಿ ಎದ್ದಾಗ ಕಟ್ಟಿದ್ದು ಮಲಗೂಮುಂದ ಬಿಚ್ರಿ. ಜಳಕಕ್ಕ ಅಷ್ಟ ತೆಗೀರಿ. ಒಂದ ವಾರ."

"ಹ್ಞೂಂ ಬೇಟಾ," ಎಂದರು ನಮ್ಮವರು. ರೈತರಿಗೆ ನಾಳೆ ಬಾ ಅನ್ನುವಾಗ ಅವರು ಹೀಗೇ ತಲೆ ಆಡಿಸುತ್ತಾರೆ. ನನಗಾದರೂ ತಿಳಿಯಬೇಕಿತ್ತು.

ಆ ವಾರ ನಾನು ಹಿಗ್ಗಿನಲ್ಲಿದ್ದೆ ಅಂದರೆ ಸುಳ್ಳಲ್ಲ. ದಿನಾ ಮುಂಜಾನೆ ನಾನೇ ಪಟ್ಟಿ ಬಿಗಿದು ಕೊಡುತ್ತಿದ್ದೆ. ಅವರು ಪಡಸಾಲೆಯಲ್ಲಿ ಆ ಗೋಡೆಯಿಂದ ಈ ಗೋಡೆಗೆ ಶಿಸ್ತಾಗಿ ಓಡಾಡುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಮಲಗುವ ಕೋಣೆಗೆ ಹೋಗುತ್ತಿದ್ದರು. ಮೇಲೆ ಉದ್ದನೆಯ ಪಾಯಿಜಾಮಾ, ಉದ್ದನೆಯ ಅಂಗಿ. ಒಳಗೆ ಡಬ್ಬಿ ಇದೆಯೋ ಇಲ್ಲವೋ ಯಾರು ನೋಡುತ್ತಾರೆ? ಸಂಜೆ ಅವರು ಗೋಡೆ ಹಿಡಿದು ತಡವರಿಸುತ್ತ ಬಂದಾಗಲೆಲ್ಲ, ಬರಲಿ, ಮಿಷಿನ್ನಿಗೆ ಎಲ್ಲ ಗೊತ್ತಾಗಲಿ ಎಂದು ಮನಸ್ಸಿನಲ್ಲೇ ಚಪ್ಪಾಳೆ ತಟ್ಟುತ್ತಿದ್ದೆ.

ವಾರ ಕಳೆದು ಉಮರಗಾಕ್ಕೆ ಹೊರಟ ದಿನ ಭಾವನೂ ಬಸ್ ಸ್ಟ್ಯಾಂಡಿಗೆ ಬಂದರು.

"ನಾನೂ ಬರತೇನಿ. ನಿಮ್ಮ ಬಾಯಿಲೆ ಕೇಳೂದು ಬ್ಯಾಡ. ಡಾಕ್ಟರ್ ಬಾಯಿಲೆ ಕೇಳತೇನಿ," ಎಂದರು. ಕಾಸಾರಶಿರಸಿ ದಾಟುವವರೆಗೂ ಮುಂದಿನ ಸೀಟಿನಲ್ಲಿ ಕೂತವರು ಒಮ್ಮೆಯೂ ಹಿಂದಿರುಗಿ ನೋಡಲಿಲ್ಲ. ಉಮರಗಾದಲ್ಲಿ ಇಳಿಯುವಾಗ ನಮ್ಮವರು ಮೆಟ್ಟಿಲು ತಪ್ಪಿ ಕಂಬಿ ಹಿಡಿದುಕೊಂಡರು. ಭಾವ ಎರಡು ಮಾರು ದೂರ ಸರಿದು, ಇವರು ಯಾರೋ ನಾನು ಯಾರೋ ಎಂಬಂತೆ ಹೈವೇ ನೋಡುತ್ತ ನಿಂತರು.

ಡಾಕ್ಟರು ಕಂಪ್ಯೂಟರ್ ನೋಡಿ ಹೇಳಿದ್ದು ಇಷ್ಟೇ. ನಡಿಗೆ ವಯಸ್ಸಿಗೆ ತಕ್ಕಂತಿದೆ. ಎರಡೂ ಕಾಲಿನ ಹೆಜ್ಜೆ ಸಮ. ಮೈ ಹೊಯ್ದಾಡಿದ್ದು ಕಾಣುವುದಿಲ್ಲ. ಆಪರೇಷನ್ ಈಗ ಬೇಡ, ಆರು ತಿಂಗಳು ಬಿಟ್ಟು ನೋಡೋಣ.

ನಮ್ಮವರ ಮುಖ ಅರಳಿತು. ಪರೀಕ್ಷೆ ಪಾಸಾದವರ ಮುಖ. ಅಣ್ಣನ ಕಡೆಗೆ ತಿರುಗಿ ಕೂಡ ನೋಡಿದರು, ನೋಡಿದಿಯಾ ಎಂಬಂತೆ.

ಭಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಮಿಷಿನ್ ಸುಳ್ಳ ಹೇಳಂಗಿಲ್ಲಲ್ರಿ ಡಾಕ್ಟರ್?"

"ಇಲ್ಲ."

"ಅಂದ್ರ ಕಾಲ ಛಲೋ ಅವ. ಕಾಲ ಛಲೋ ಇದ್ದಾಂವ ಸಂಜಿಮುಂದ ಯಾಕ ತೂರಾಡತಾನ? ಅಯ್ಯನೋರ ಮೈಮ್ಯಾಲ ಯಾಕ ಬೀಳತಾನ? ನೀವೇ ಹೇಳ್ರಿ. ಕಾಲಂದು ಅಲ್ಲ ಅಂದಮ್ಯಾಲ ಏನಂದು?"

ಅರಳಿದ ಮುಖ ಅಲ್ಲೇ ಬಾಡಿತು. ಯಾವ ಡಬ್ಬಿ ನಮ್ಮನ್ನು ಕಾಪಾಡಬೇಕಿತ್ತೋ ಅದೇ ಭಾವನ ಕೈಯಲ್ಲಿ ಚಾಟಿಯಾಗಿತ್ತು.

ಅಷ್ಟರಲ್ಲಿ ವೈಷ್ಣವಿ ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡಳು. ಅವಳಿಗೆ ಏನೋ ಸರಿಬಂದಿರಲಿಲ್ಲ. "ಕಾಕಾ, ಇದರಾಗ ಬರೇ ಮುಂಜಾನಿದು ಅದ. ಮಧ್ಯಾಹ್ನದ ಮ್ಯಾಲ ಒಂದ ದಿನಾನೂ ಡಬ್ಬಿ ಹಂದ್ಯಾಡಿಲ್ಲ. ಬಿಚ್ಚಿ ಇಟ್ಟೀರೇನು?"

"ಮಧ್ಯಾಹ್ನದ ಮ್ಯಾಲ ಕಾಲಾಗಿನ ಡಬ್ಬಿ ಹೋಗಿ ಕೈಯಾಗ ಬಾಟ್ಲಿ ಬರತದ," ಎಂದರು ಭಾವ.

ನಾನು ನಮ್ಮವರ ಎದುರಿಗೆ ಹೋಗಿ ನಿಂತೆ. "ಯಾಕ ಬಿಚ್ಚಿದ್ರಿ?"

ಅವರು ನೆಲ ನೋಡಿದರು. ಆಮೇಲೆ ಬಾಯಿಂದ ಬಂದ ಮಾತಿಗೆ ನಗಬೇಕೋ ಹೊಡೆಯಬೇಕೋ ತಿಳಿಯಲಿಲ್ಲ. "ನಮೂನಾ ಅಂದ್ರ ಛಲೋ ಕಾಳೇ ಕೊಡಬೇಕಲ್ಲ. ಮುಂಜಾನಿ ಕಾಲ ನನ್ನ ಮಾತ ಕೇಳತಾವ. ಮಿಷಿನ್ದಾಗ ನೆಟ್ಟಗ ನಡದದ್ದು ಬಂದ್ರ, ನಾ ಕುಡುಕ ಅಲ್ಲಂತ ಅಣ್ಣಗ ತಿಳೀತದ ಅಂದ್ಕೊಂಡ್ನಿ."

ಇಡೀ ಜನ್ಮ ಚೀಲದ ಬಾಯಿಗೆ ಒಳ್ಳೆಯ ಕಾಳು ಇಟ್ಟು ಮಾರಿದ ಮನುಷ್ಯ ತನ್ನ ಕಾಲನ್ನೂ ಹಾಗೇ ಮಾರಲು ಹೋಗಿದ್ದರು. ನೆಟ್ಟಗೆ ನಡೆದರೆ ಕುಡುಕನಲ್ಲ ಎಂದು ತಿಳಿದರೇ ಹೊರತು, ನೆಟ್ಟಗೆ ನಡೆದರೆ ರೋಗಿಯೂ ಅಲ್ಲ ಎಂದಾಗುತ್ತದೆ ಎಂಬುದು ಅವರ ತಲೆಗೆ ಹೊಳೆಯಲಿಲ್ಲ. ದವಾಖಾನೆ ಅನ್ನುವುದನ್ನೂ ಮರೆತು ಕೂಗಾಡಿದೆ.

"ಖರೀದಿ ಮಾಡಾಂವ ಚೀಲದ ಬಾಯಿ ನೋಡತಾನೇನ್ರಿ? ಪರಖಿ ಹೊಟ್ಟಿಗಿ ಚುಚ್ಚತಾನ! ಉದ್ದನ್ನ ಕಬ್ಬಣ ಚುಚ್ಚಿ ನಟ್ಟ ನಡುವಿನ ಕಾಳ ತೆಗೀತಾನ! ದಿನಾ ನೋಡೀರಲ್ಲ, ಅಷ್ಟೂ ಅಕಲ್ ಇಲ್ಲೇನು ನಿಮಗ? ನಿಮ್ಮ ಹೊಟ್ಟಿ ನೀವೇ ಹೊಲದ್ರಿ!"

ಡಾಕ್ಟರು ಇನ್ನೊಂದು ವಾರ ಕಟ್ಟೋಣ ಎಂದರು. ಭಾವ ಎದ್ದು ನಿಂತರು.

"ಈಗ ಕಟ್ಟಿ ಏನ ಉಪಯೋಗ? ಈಗ ಈಕಿ ಹೇಳಿಕೊಡತಾಳ, ಅಂವಾ ತೂರಾಡತಾನ. ದೇವಣಿ ಸಂತ್ಯಾಗ ಕುಂಟ ಎತ್ತಿಗಿ ಹೆಂಗ ಓಡಸಬೇಕು, ಓಡೂ ಎತ್ತಿಗಿ ಹೆಂಗ ಕುಂಟಸಬೇಕು, ನಮಗೆಲ್ಲ ಗೊತ್ತದ. ಒಮ್ಮಿ ನಮೂನಾ ಸುಳ್ಳ ಬಿದ್ದ ಮಾಲ ಮೊಂಢಾದಾಗ ಯಾರೂ ಮುಟ್ಟಂಗಿಲ್ಲ."

"ಹಾಂಗಾದ್ರ ನೀವೇ ಮುಟ್ರಿ," ಎಂದೆ. "ನಿಮ್ಮ ಮನ್ಯಾಗ ಇಟ್ಕೊಳ್ರಿ. ನಿಮ್ಮ ಕೈಲೆ ಡಬ್ಬಿ ಕಟ್ರಿ, ನಿಮ್ಮ ಕೈಲೆ ಬಿಚ್ರಿ. ನಿಮ್ಮ ಕಣ್ಣ ಮುಂದ ಉಣ್ಲಿ, ಮಲಗ್ಲಿ. ಚೀಲಕ್ಕ ಮೊಹರ ನೀವೇ ಹಾಕ್ರಿ ಭಾವಾರ. ಆಮ್ಯಾಲ ಬಿಚ್ಚಿ ನೋಡೂನು, ಒಳಗ ಏನ ಅದಂತ."

"ನೋಡೇ ಬಿಡತೇನಿ," ಎಂದರು ಅವರು. "ಆದ್ರ ನೀ ನನ್ನ ಮನಿ ಹತ್ತಬ್ಯಾಡ. ನೀ ಬಂದ್ರ ಬಾಟ್ಲಿ ಸೆರಗಿನಾಗ ಬರತದ."

ಅಂದೇ ಕರೆದುಕೊಂಡು ಹೋದರು. ಒಂದೇ ಓಣಿಯಲ್ಲಿ ನಾಲ್ಕು ಮನೆ ಆಚೆ ನನ್ನ ಗಂಡ, ನಾನು ಇಲ್ಲಿ. ಆ ಮನೆಯ ಸುದ್ದಿ ನನಗೆ ಮುಟ್ಟಿದ್ದು ಮಾಣಿಕಬಾಯಿಯ ಬಾಯಿಂದ, ಅದೂ ಬೈಗುಳದ ರೂಪದಲ್ಲಿ, ನಳದ ಹತ್ತಿರ.

"ಕುಡುಕರಿಗಿ ಬಿಸಿ ರೊಟ್ಟಿ ಬಡೀದು ನನ್ನ ನಶೀಬದಾಗ ಬರದಿತ್ತು," ಎಂದಳು ಮೊದಲ ದಿನ. ಹಾಸಿಗೆ, ದಿಂಬು, ಜೇಬು ಎಲ್ಲ ಭಾವ ತಾವೇ ಝಾಡಿಸಿ ನೋಡಿದರಂತೆ. ಅಂಗಡಿಗೆ ಹೋಗುವಾಗ ಹೆಂಡತಿಯ ಕೈಯಿಂದ ಕೋಣೆಗೆ ಹೊರಗಿನಿಂದ ಚಿಲಕ ಹಾಕಿಸುವುದು. ಸಂಜೆ ಬಂದೊಡನೆ ತಮ್ಮನ ಬಾಯಿ ಮೂಸುವುದು, ಆಮೇಲೆ ಕೈಕಾಲು ತೊಳೆಯುವುದು.

ಮರುದಿನ ಅವಳಿಗೆ ಸಿಟ್ಟು ಇನ್ನೂ ಹೆಚ್ಚಾಗಿತ್ತು. "ನನ್ನ ಗಂಡನ ಕೈಲೆ ಕಾಲ ಹಿಡಿಸ್ಕೊಂಡ್ರಲ್ಲ, ನಿಮಗ ಒಳ್ಳೇದಾಗ್ತದೇನು?"

ಮುಂಜಾನೆ ಭಾವ ಡಬ್ಬಿಗಳನ್ನು ತಮ್ಮನ ಮುಂದೆ ಇಟ್ಟು, ಕಟ್ಟಿಕೋ, ನಾ ನೋಡತೇನಿ ಎಂದು ಕೂತಿದ್ದರಂತೆ. ನಮ್ಮವರ ಬೆರಳಿಗೆ ಪಟ್ಟಿಯ ಕೊಕ್ಕೆ ಸಿಗಲೇ ಇಲ್ಲ. ಸೋಗು ಹಾಕಬೇಡ ಎಂದು ಗದರಿದರಂತೆ. ಆದರೂ ಸಿಗಲಿಲ್ಲ. ನಮ್ಮ ಮನೆಗಳಲ್ಲಿ ತಮ್ಮ ಅಣ್ಣನ ಪಾದ ಮುಟ್ಟುತ್ತಾನೆ. ಅಣ್ಣ ತಮ್ಮನ ಪಾದ ಮುಟ್ಟಿದ್ದು ಯಾರೂ ಕಂಡಿಲ್ಲ, ಕೇಳಿಲ್ಲ. ಕಡೆಗೆ ಭಾವ ಧೋತರ ಎತ್ತಿ ಕಟ್ಟಿ ನೆಲಕ್ಕೆ ಕೂತು, ತಮ್ಮನ ಕಣಕಾಲಿಗೆ ತಾವೇ ಪಟ್ಟಿ ಬಿಗಿದರಂತೆ. ಚೀಲದ ಬಾಯಿ ಹೊಲಿದಷ್ಟೇ ಬಿಗಿಯಾಗಿ. ದಿನಾ ಹಾಗೇ ಆಯಿತು. ಆ ಕೆಲಸ ಆಗುವಷ್ಟು ಹೊತ್ತು ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲವಂತೆ.

"ಸಂಜಿಮುಂದ ಹ್ಯಾಂಗ ಇರತಾರ?" ಎಂದು ನಾನು ಕೇಳಿದೆ. ಮಾಣಿಕಬಾಯಿ ಕೊಡ ಎತ್ತಿಕೊಂಡು, "ಗ್ವಾಡಿ ಹಿಡದೇ ಬರತಾರ. ನಾಟಕ ಅಂತಾರ ಇವರು," ಎಂದಳು. ಅನ್ನುವಾಗ ಮೊದಲಿನ ಜೋರು ಇರಲಿಲ್ಲ. ಕೋಣೆಗೆ ಚಿಲಕ ಹಾಕಿದವಳು ಅವಳೇ ಅಲ್ಲವೆ.

ಸೋಮವಾರ ಬಂತು. ಆವತ್ತು ಸಂಜೆಯ ಪೂಜೆಗೆ ಮಾತ್ರ ನನ್ನನ್ನು ಕರೆಸಿದರು. ಅಯ್ಯನವರಿಲ್ಲ, ಪೇಟೆಯವರಿಲ್ಲ. ದೇವರ ಕೋಣೆಯಲ್ಲಿ ನಾವು ನಾಲ್ವರೇ. ನಮ್ಮವರು ಆ ಕೆಲವೇ ದಿನಗಳಲ್ಲಿ ಇಳಿದುಹೋಗಿದ್ದರು. ಕಣಕಾಲಿನ ಡಬ್ಬಿಗಳು ಧೋತರದ ಕೆಳಗೆ ಕಾಣುತ್ತಿದ್ದವು. ಭಾವ ಮೊದಲೇ ಬಾಯಿ ಮೂಸಿ ಆಗಿತ್ತು. ತಮ್ಮನನ್ನು ಕೋಣೆಯ ನಡುವೆ ನಿಲ್ಲಿಸಿದರು. ಹಿಂದೆ ಗೋಡೆ ಇಲ್ಲ, ಮಂಚ ಇಲ್ಲ, ಹಿಡಿಯಲು ಏನೂ ಇಲ್ಲ.

"ಯಾರೂ ಹಿಡೀಬ್ಯಾಡ್ರಿ," ಎಂದರು ನನ್ನನ್ನೇ ನೋಡಿ. "ಹಿಡದ್ರ ಇದೂ ಸುಳ್ಳ ನಮೂನಾ ಅಂತ ತಿಳಕೊತೇನಿ."

ಮಾಣಿಕಬಾಯಿ ಗಂಟೆ ಎತ್ತಿದಳು. ಅವಳು ಕಣ್ಣು ಮುಚ್ಚಿದಳು. ನಮ್ಮವರೂ, ಸತ್ತ ಅಪ್ಪನ ಮಾತು ಮೀರದ ಮಗ, ಕಣ್ಣು ಮುಚ್ಚಿದರು. ನಾನು ಮುಚ್ಚಲಿಲ್ಲ. ಎದುರಿಗೆ ಭಾವನ ಕಣ್ಣೂ ತೆರೆದೇ ಇದ್ದವು. ಹುಟ್ಟಿದಾಗಿನಿಂದ ಮಂಗಳಾರತಿಯನ್ನು ಅವರು ಕಣ್ಣಿಂದ ನೋಡಿದ್ದು ಅದೇ ಮೊದಲಿರಬೇಕು.

ಮೊದಲು ನಮ್ಮವರ ಕಾಲ ಬೆರಳುಗಳು ನೆಲ ಹಿಡಿಯಲು ಹುಡುಕಾಡಿದವು. ಆಮೇಲೆ ಮೈ ಬಲಕ್ಕೆ ಹೊಯ್ದಾಡಿತು, ಎಡಕ್ಕೆ ಬಂತು, ಮತ್ತೆ ಬಲಕ್ಕೆ ಹೋಯಿತು. ಕಣ್ಣು ತೆರೆದಿದ್ದರೆ ಸಾಕಿತ್ತು, ಗೋಡೆ ಕಾಣುತ್ತಿತ್ತು, ನಿಲ್ಲುತ್ತಿದ್ದರು. ತೆರೆಯಲಿಲ್ಲ. ನನ್ನ ಕೈ ತಾನಾಗಿ ಮೇಲೆದ್ದಿತು. ಭಾವ ನನ್ನನ್ನು ನೋಡಿದರು. ನಾನು ಸೆರಗು ಬಾಯಿಗೆ ತುರುಕಿ, ಕೈಯನ್ನು ಹಿಂದಕ್ಕೆ ಕಟ್ಟಿಕೊಂಡೆ. ಕಟ್ಟಿಕೊಂಡ ಗಂಡ ಬೀಳುವುದನ್ನು ನಿಂತು ನೋಡು ಅಂದ ಆ ಮನುಷ್ಯನನ್ನು ನಾನು ಆ ಕ್ಷಣ ಎಷ್ಟು ದ್ವೇಷಿಸಿದೆ ಎಂದರೆ, ಇವತ್ತಿಗೂ ನೆನೆದರೆ ಹಲ್ಲು ಕಚ್ಚುತ್ತೇನೆ.

ಅವರು ಮುಂದಕ್ಕೆ ಬಿದ್ದರು. ಹಣೆ ಹಿತ್ತಾಳೆ ಸಮೆಯ, ದೀಪದ ಕಂಬದ, ಅಂಚಿಗೆ ಬಡಿಯಿತು. ದೀಪ ಉರುಳಿತು, ಎಣ್ಣೆ ಹರಿಯಿತು, ಹಣೆಯ ವಿಭೂತಿಯಲ್ಲಿ ರಕ್ತ ಇಳಿಯಿತು. ಮಾಣಿಕಬಾಯಿ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಗಂಟೆ ಬಾರಿಸುತ್ತಲೇ ಇದ್ದಳು.

ಭಾವ ತಟ್ಟನೆ ಬಾಗಿದರು. ಎತ್ತುತ್ತಾರೆ ಎಂದುಕೊಂಡೆ. ಅವರು ತಮ್ಮನ ಗದ್ದ ಹಿಡಿದು, ಬಾಯಿಗೆ ಮೂಗು ಹಚ್ಚಿ ಮೂಸಿದರು.

"ಚಂದಾಗಿ ಮೂಸ್ರಿ ಭಾವಾರ," ಎಂದೆ. "ಇನ್ನೊಮ್ಮಿ ಮೂಸ್ರಿ. ಈ ಸಲ ಏನ ಬಂತಂತ ಬಾಯಿಬಿಟ್ಟು ಹೇಳ್ರಿ."

ಅವರು ಎಣ್ಣೆಯಲ್ಲೇ ಕುಸಿದು ಕೂತರು. ತಮ್ಮನ ತಲೆ ತೊಡೆಯ ಮೇಲೆ ಇತ್ತು. ಗಂಟೆ ನಿಂತ ಮೇಲೆ ಮಾಣಿಕಬಾಯಿ ಕಣ್ಣು ತೆರೆದು ಚೀರಿದಳು. ನಾನು ಸೆರಗು ಹರಿದು ಹಣೆಗೆ ಕಟ್ಟಿದೆ.

ಉಮರಗಾದಲ್ಲಿ ವೈಷ್ಣವಿ ಪರದೆಯ ಮೇಲೆ ಗೆರೆಗಳನ್ನು ತೋರಿಸಿದಳು. ಮುಂಜಾನೆಯ ಗೆರೆ ಸರಿಯಾಗಿತ್ತು. ಹೊತ್ತು ಏರಿದಂತೆ ಹೆಜ್ಜೆ ಗಿಡ್ಡಾಗುತ್ತ, ಕಾಲು ಅಗಲವಾಗುತ್ತ, ಸಂಜೆಗೆ ಬಲಗಾಲು ಎಳೆಯುತ್ತಿತ್ತು. ದಿನದಿನಕ್ಕೂ ಹಾಗೇ. ಸೋಮವಾರದ ಸೊಂಟದ ಗೆರೆ ಒಂದು ಕಡೆ ಹುಚ್ಚೆದ್ದು ಕುಣಿದು ತಟಕ್ಕನೆ ನಿಂತಿತ್ತು. "ಇಲ್ಲಿ ಏನಾತು ಕಾಕು?" ಎಂದು ಕೇಳಿದಳು. ನಾನು ಭಾವನ ಕಡೆಗೆ ಬೆರಳು ಮಾಡಿದೆ, ಅವರನ್ನು ಕೇಳು ಅಂತ.

ಡಾಕ್ಟರು ಈ ಸಲ ಆರು ತಿಂಗಳ ಮಾತು ಎತ್ತಲಿಲ್ಲ. ಸೋಲಾಪುರಕ್ಕೆ ಬನ್ನಿ, ಕೂಡಲೇ ಆಪರೇಷನ್ ಎಂದರು. ಭಾವ ಬಾಗಿಲಲ್ಲಿ ನಿಂತು ಕೇಳಿದರು, "ಶ್ರಾವಣದಾಗೇ ಬಂದಿದ್ರ?"

ಖಚಿತವಾಗಿ ಹೇಳಲಾಗದು, ಬೆರಳುಗಳು ಉಳಿಯುತ್ತಿದ್ದವೋ ಏನೋ ಎಂದರು ಡಾಕ್ಟರು.

ಆಪರೇಷನ್ ಆಯಿತು. ಕಾಲು ಉಳಿದವು. ಈಗ ಅಗಲ ಹೆಜ್ಜೆ ಹಾಕಿ ನಿಧಾನವಾಗಿ ನಡೆಯುತ್ತಾರೆ, ಸಂಜೆಯೂ ನಡೆಯುತ್ತಾರೆ. ಬೆರಳು ಮಾತ್ರ ಹಿಂದಿನಂತೆ ಆಗಲಿಲ್ಲ. ತೊಗರಿ ಕಾಳನ್ನು ಅಂಗೈ ಮೇಲೆ ಹರಡಲು ಹೋದರೆ ಅರ್ಧ ನೆಲಕ್ಕೆ ಬೀಳುತ್ತದೆ. ಆರಿಸಿ ಎತ್ತಲು ನಾನು ಬೇಕು.

ದೀಪಾವಳಿಯ ಮುಂಚೆ ಭಾವ ನಮ್ಮ ಮನೆಗೆ ಬಂದರು. ಈ ಸಲ ಹೊಸ್ತಿಲ ಒಳಗೆ ಬಂದರು. ಚಹಾ ಕೊಟ್ಟೆ. ಕಪ್ಪನ್ನು ಕೈಯಲ್ಲಿ ಹಿಡಿದು ಕೂತರು.

"ದೀಪಾವಳಿ ಪಾಡವಾ ದಿನ ಗಾದಿ ಪೂಜಿ ಅದ. ಕಾಶ್ಯಾ ಬಂದು ಕೂಡ್ಲಾಕ ಬೇಕು," ಎಂದರು. ತಪ್ಪಾಯಿತು ಎಂಬ ಮಾತು ಅದರ ಹಿಂದೆ ಬರುತ್ತದೇನೋ ಎಂದು ಕಾದೆ. ಬರಲಿಲ್ಲ.

"ಹೋದ್ರ ಮಂದಿ ಏನಂತಾರ ಗೊತ್ತದೇನ್ರಿ ನಿಮಗ?" ಎಂದೆ. "ಕಾಶೆಪ್ಪನ ಕುಡಿತ ಬಿಡಸ್ಲಾಕ ಸೋಲಾಪುರದಾಗ ಆಪರೇಷನ್ ಮಾಡಿಸ್ಯಾರಂತ. ಕುತ್ತಿಗ್ಯಾಗಿನ ನರ ಕಡದಾರಂತ, ಇನ್ನ ದಾರೂ ಇಳಿಯಂಗಿಲ್ಲಂತ. ನಳದ ಹಂತೇಕ ನನಗೇ ಹೇಳತಾರ, ಛಲೋ ಆತು ಬಿಡ್ರಿ ಪ್ರೇಮಾಬಾಯಿ ಅಂತ."

ಭಾವನ ಮುಖ ಕೆಂಪಗಾಯಿತು. ಕಪ್ಪು ಕೆಳಗಿಟ್ಟು ತೋಳು ಏರಿಸಿದರು. "ಯಾವ ಭಾಡ್ಯಾ ಅಂತಾನ ಹೇಳು. ಅವನ ನಾಲಗಿ ಕೀಳತೇನಿ. ಮೊಂಢಾದಾಗ ಅವನ ಜೋಡಿ ವ್ಯವಹಾರ ಬಂದ ಮಾಡತೇನಿ. ಹೆಸರ ಹೇಳು!"

"ಮೊದಲನೇ ಮುಟಗಿ ನೀವೇ ಕೊಟ್ಟೀರಿ ಭಾವಾರ," ಎಂದೆ. "ಅವತ್ತ ಅಷ್ಟ ಮಂದಿ ಮುಂದ ಮೂಸಿ ಸುಮ್ಮ ನಿಂತ್ರಿ. ಆ ನಮೂನಾ ನೋಡೇ ಅವರು ಮಾಲ ತಗೊಂಡಾರ. ಈಗ ಯಾರ ನಾಲಗಿ ಕೀಳತೀರಿ?"

ಅವರ ತೋಳು ಇಳಿಯಿತು. ಚಹಾ ಕುಡಿಯದೆ ಎದ್ದರು. ಎಲ್ಲ ಕೇಳುತ್ತ ಅಲ್ಲೇ ಕೂತಿದ್ದ ನಮ್ಮವರು ನನ್ನ ಕಡೆಗೆ ಒಮ್ಮೆ ಸಿಟ್ಟಿನಿಂದ ನೋಡಿ, ಗೋಡೆ ಹಿಡಿಯದೆ ಎದ್ದು, ಅಣ್ಣನ ಜೊತೆ ಒಂದೊಂದೇ ಹೆಜ್ಜೆ ಇಡುತ್ತ ಬಾಗಿಲವರೆಗೆ ಹೋಗಿ ಕಳಿಸಿ ಬಂದರು. ನಾನು ಕೂತಲ್ಲಿಂದ ಏಳಲಿಲ್ಲ.